ಕ್ಲಾಸ್‌ರೂಮೋ, ಮೊಬೈಲೋ? ದಾವಣಗೆರೆಯಲ್ಲಿ ಎಂ.ಬಿ.ಬಿ.ಎಸ್. ಓದುವವರಿಗೆ ಒಂದು ಹೋಲಿಕೆ

ಕಳೆದ ತಿಂಗಳು ಮೂರು ಜನ ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು.

ಮೊದಲನೆಯವಳು ಹರಿಹರದಿಂದ ದಿನಾ ಓಡಾಡುವ ಫಸ್ಟ್ ಇಯರ್ ಹುಡುಗಿ. "ಅಕ್ಕಾ, ಬೆಳಿಗ್ಗೆ ಎಂಟರ ಲೆಕ್ಚರ್‌ಗೆ ಅಂತ ಐದೂವರೆಗೇ ಏಳ್ತೀನಿ. ಅದೇ ಪಾಠ ಯೂಟ್ಯೂಬ್‌ನಲ್ಲಿ ಇದೆ. ಬರಲೇಬೇಕಾ?" ಎರಡನೆಯವನು ಸೆಕೆಂಡ್ ಇಯರ್, ಹಾಸ್ಟೆಲ್ ಹುಡುಗ. ದುಡ್ಡು ಕೊಟ್ಟು ಪಾಠದ ವಿಡಿಯೋಗಳ ಆ್ಯಪ್ ತಗೊಂಡಿದ್ದಾನೆ. ರಾತ್ರಿ ಎರಡರವರೆಗೆ ವಿಡಿಯೋ ನೋಡ್ತಾನೆ, ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸ್ತಾನೆ. ಮೂರನೆಯವರು ಚನ್ನಗಿರಿ ಕಡೆಯ ಒಬ್ಬ ತಾಯಿ. "ಇಷ್ಟು ಫೀಸ್ ಕಟ್ಟಿದೀವಿ. ಈಗ ಮಗ ಆ್ಯಪಿಗೂ ದುಡ್ಡು ಕೇಳ್ತಾನೆ. ಕಾಲೇಜಿನಾಗೆ ಪಾಠ ಮಾಡಲ್ವೇನವ್ವಾ?" ಅಂದರು.

ಮೂರೂ ಜನಕ್ಕೆ ಸೇರಿಸಿ ಇದನ್ನು ಬರೀತಿದ್ದೇನೆ.

ನಾನು 2019ರ ಬ್ಯಾಚ್. ಎರಡೂ ಬಗೆಯ ಓದನ್ನು ಕಂಡವಳು. ಕಾಲೇಜು ಸೇರಿ ಏಳೆಂಟು ತಿಂಗಳಾಗಿತ್ತು, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಹಾಸ್ಟೆಲ್ ಖಾಲಿ ಮಾಡಿ ಜಗಳೂರು ತಾಲೂಕಿನ ನಮ್ಮೂರಿಗೆ ಹೋದೆ. ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮಾಳಿಗೆ ಮೇಲೆ ಎರಡು ಕಡ್ಡಿ ಬರುತ್ತಿತ್ತು. ಅಲ್ಲೇ ಛತ್ರಿ ಹಿಡ್ಕೊಂಡು ಕೂತು ಅನಾಟಮಿ ಕೇಳಿದೆ. ಡಿಸೆಂಬರ್‌ನಲ್ಲಿ ಕಾಲೇಜು ತೆರೆದಾಗ ವಾಪಸ್ ಬಂದೆ.

ಬಂದ ಮೊದಲ ವಾರವೇ ಮೇಡಂ ನನ್ನ ಕೈಗೆ ಒಂದು ಸೊಂಟದ ಮೂಳೆ ಕೊಟ್ಟರು. ಅದರ ಮೇಲಿನ ಒಂದೊಂದು ಗುರುತಿನ ಹೆಸರೂ ನನಗೆ ಬಾಯಿಪಾಠ ಇತ್ತು. "ಇದು ಬಲಗಡೆದಾ, ಎಡಗಡೆದಾ? ನಿನ್ನ ಸೊಂಟಕ್ಕೆ ಹಿಡಿದು ತೋರಿಸು" ಅಂದರು. ತಿರುಗಿಸಿ ತಿರುಗಿಸಿ ನೋಡಿದೆ. ಆಗಲೇ ಇಲ್ಲ. ವಿಡಿಯೋದಲ್ಲಿ ಆ ಮೂಳೆ ಯಾವಾಗಲೂ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಿತ್ತು. ಮೇಡಂ ಬೈಯಲಿಲ್ಲ. ಪಕ್ಕದಲ್ಲಿ ನಿಂತು ತೊಡೆಯ ಮೂಳೆ ಕೂರುವ ಗುಂಡಿಯನ್ನು ಹೊರಗಡೆಗೆ, ಪ್ಯೂಬಿಸ್ ತುದಿಯನ್ನು ಮುಂದಕ್ಕೆ ಮಾಡಿಸಿದರು. ಎರಡೇ ನಿಮಿಷ. ಇವತ್ತಿಗೂ ಮರೆತಿಲ್ಲ.

ಹಾಗಂತ ಆನ್‌ಲೈನ್ ದಂಡ ಅಂತ ನಾನು ಹೇಳಲ್ಲ. ನಮ್ಮ ಬ್ಯಾಚಿನವರ ಮನಸ್ಸೇ ಆ ಒಂದು ವರ್ಷದಲ್ಲಿ ಮೂರು ಸಲ ಬದಲಾಯಿತು. ಮೊದಲ ತಿಂಗಳು ಎಲ್ಲರಿಗೂ ಖುಷಿ. ಮನೆ ಊಟ, ಬೇಕಾದಾಗ ಪಾಠ. ಮೂರನೇ ತಿಂಗಳಿಗೆ ಕಣ್ಣು ಉರಿ, ತಲೆನೋವು, ಯಾರೂ ಕ್ಯಾಮೆರಾ ಆನ್ ಮಾಡುತ್ತಿರಲಿಲ್ಲ. ಕಾಲೇಜು ಯಾವಾಗ ತೆರೆಯುತ್ತೋ ಅಂತ ಕಾಯುತ್ತಿದ್ದೆವು. ತೆರೆದ ಮೇಲೆ ಅದೇ ನಾವೇ "ರೆಕಾರ್ಡಿಂಗ್ ನಿಲ್ಲಿಸಬೇಡಿ ಸರ್, ರಿವಿಷನ್‌ಗೆ ಬೇಕು" ಅಂತ ಕೇಳಿಕೊಂಡೆವು. ಈ ಮೂರೂ ಅನಿಸಿಕೆಗಳಲ್ಲಿ ನಿಜ ಇತ್ತು. ಯಾವುದಕ್ಕೆ ಯಾವುದು ಅಂತ ಬಿಡಿಸಿ ನೋಡಿರಲಿಲ್ಲ, ಅಷ್ಟೇ.

ಮೊದಲು ಯಾವುದರಿಂದ ಅಳೆಯಬೇಕು

ನಾನು ಎಲ್ಲಕ್ಕಿಂತ ಮುಂದೆ ಇಡುವ ಪ್ರಶ್ನೆ ಇದು: ಈ ಪಾಠ ತಲೆಗಾ, ಕೈಗಾ? ಜಾರ್ಜ್ ಮಿಲ್ಲರ್ ಅನ್ನುವ ವೈದ್ಯಕೀಯ ಶಿಕ್ಷಣ ತಜ್ಞರು 1990ರಲ್ಲಿ ಒಂದು ಪಿರಮಿಡ್ ಹೇಳಿದರು. ಕೆಳಗಿನ ಮೆಟ್ಟಿಲು, ವಿಷಯ ಗೊತ್ತಿದೆ. ಅದರ ಮೇಲೆ, ಹೇಗೆ ಮಾಡಬೇಕು ಅಂತ ಗೊತ್ತಿದೆ. ಅದರ ಮೇಲೆ, ಮಾಡಿ ತೋರಿಸಬಲ್ಲೆ. ತುದಿಯಲ್ಲಿ, ರೋಗಿಯ ಮುಂದೆ ನಿಜವಾಗಿ ಮಾಡುತ್ತೇನೆ. ಒಳ್ಳೆಯ ವಿಡಿಯೋ ನಿಮ್ಮನ್ನು ಎರಡನೇ ಮೆಟ್ಟಿಲಿನವರೆಗೆ ಚೆನ್ನಾಗಿ ಹತ್ತಿಸುತ್ತದೆ. ಮೂರನೆಯದಕ್ಕೆ ಕೈ ಹಿಡಿದು ತಿದ್ದುವವರು ಬೇಕು. ನಾಲ್ಕನೆಯದಕ್ಕೆ ರೋಗಿ ಬೇಕು.

ಎರಡನೆಯದು, ಡೌಟ್ ಬಂದಾಗ ಎಷ್ಟು ಹೊತ್ತಿಗೆ ಉತ್ತರ ಸಿಗುತ್ತದೆ. ಮೂರನೆಯದು ಸಮಯ: ಓಡಾಟ, ನಿದ್ದೆ ಎಲ್ಲ ಸೇರಿಸಿ. ನಾಲ್ಕನೆಯದು ದುಡ್ಡು. ಐದನೆಯದು ನಿಯಮ. ಕೊನೆಯದು ನಿಮ್ಮ ಸ್ವಭಾವ. ಯಾರೂ ಕೇಳದಿದ್ದರೂ ಕೂತು ಓದುವವರಾ, ಅಥವಾ ಅಕ್ಕಪಕ್ಕ ನಾಲ್ಕು ಜನ ಇದ್ದರೆ ಮಾತ್ರ ಓದು ಸಾಗುವವರಾ? ಇದಕ್ಕೆ ನೀವೇ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಬೇಕು.

ನಿಯಮದ ಮಾತು ಮೊದಲೇ ಮುಗಿಸಿಬಿಡೋಣ. ಥಿಯರಿಗೆ ಶೇ 75, ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್ಸ್‌ಗೆ (ವಾರ್ಡಿನಲ್ಲಿ ರೋಗಿಗಳ ಹತ್ತಿರ ನಡೆಯುವ ಪಾಠ) ಶೇ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ್ಯಪಿನಲ್ಲಿ ಎಷ್ಟು ಗಂಟೆ ನೋಡಿದರೂ ಅದು ಹಾಜರಿಯಲ್ಲ. ನೂರು ಲೆಕ್ಚರ್ ಇದ್ದರೆ ನಿಮ್ಮ ಕೈಯಲ್ಲಿರೋದು ಇಪ್ಪತ್ತೈದು ಮಾತ್ರ. ಜ್ವರ, ಮನೆಯ ಮದುವೆ, ಊರ ಹಬ್ಬ ಎಲ್ಲ ಅದರಲ್ಲೇ ಬರಬೇಕು.

ಇನ್ನೊಂದು ವಿಷಯ ಸುಮಾರು ಜನ ಗಮನಿಸಿಲ್ಲ. 2019ರಲ್ಲಿ ಹೊಸ ಪಠ್ಯಕ್ರಮ ಬಂದಾಗಲೇ ಒಂದು ಮಾತು ಬರೆದಿಟ್ಟಿದ್ದರು: ಬರೀ ಉಪನ್ಯಾಸ ಒಟ್ಟು ವೇಳಾಪಟ್ಟಿಯ ಮೂರನೇ ಒಂದು ಭಾಗ ದಾಟಬಾರದು. ಉಳಿದ ಎರಡು ಭಾಗ ಪ್ರಾಕ್ಟಿಕಲ್, ಕ್ಲಿನಿಕಲ್ಸ್, ಗುಂಪು ಚರ್ಚೆಗೆ. ಅಂದರೆ ಕ್ಲಾಸಾ ವಿಡಿಯೋನಾ ಅನ್ನುವ ಈ ಜಗ್ಗಾಟವೆಲ್ಲ ಆ ಮೂರನೇ ಒಂದು ಭಾಗದ ಬಗ್ಗೆ. ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್, ಲ್ಯಾಬ್, ವಾರ್ಡ್ ಬಗ್ಗೆ ಆಯ್ಕೆಯೇ ಇಲ್ಲ, ಇರಲೂಬಾರದು.

ಯುಕ್ರೇನ್‌ನಿಂದ ವಾಪಸ್ ಬಂದವರ ಕಷ್ಟ ನೆನಪಿದೆ ಅಲ್ವಾ? 2022ರಲ್ಲಿ ಯುದ್ಧ ಶುರುವಾದ ಮೇಲೆ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಮನೆಯಿಂದ ಆನ್‌ಲೈನ್‌ನಲ್ಲಿ ಕೋರ್ಸ್ ಮುಂದುವರಿಸಿದರು. ಬರೀ ಆನ್‌ಲೈನ್ ಓದನ್ನು ಇಲ್ಲಿ ಪೂರ್ತಿಯಾಗಿ ಒಪ್ಪಲಿಲ್ಲ. ಕೊನೆಯ ವರ್ಷದಲ್ಲಿದ್ದವರ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಪರೀಕ್ಷೆ ಪಾಸಾದರೂ ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕು ಅಂತಾಯಿತು. ನಮಗೆಲ್ಲ ಒಂದೇ ವರ್ಷ.

ರೆಕಾರ್ಡೆಡ್ ವಿಡಿಯೋ

ಇದರ ಬಲದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಬಲ ದೊಡ್ಡದು. ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು. ಒಂದೂವರೆ ಪಟ್ಟು ವೇಗದಲ್ಲಿ ನೋಡಿದರೆ ಒಂದು ಗಂಟೆಯ ಪಾಠ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಕೆಲವು ವಿಷಯಕ್ಕೆ ಇದು ಕರಿಹಲಗೆಗಿಂತ ನಿಜಕ್ಕೂ ಮೇಲು. ಎಂಬ್ರಿಯಾಲಜಿ ತಗೊಳ್ಳಿ. ಗರ್ಭದಲ್ಲಿ ಹೃದಯದ ಕೊಳವೆ ಹೇಗೆ ಮಡಚಿಕೊಳ್ಳುತ್ತದೆ, ಕರುಳು ಹೇಗೆ ಸುತ್ತಿಕೊಳ್ಳುತ್ತದೆ ಅನ್ನೋದು ಹಲಗೆ ಮೇಲಿನ ಚಿತ್ರದಲ್ಲಿ ತಲೆಗೆ ಹೋಗಲ್ಲ. ಅನಿಮೇಷನ್‌ನಲ್ಲಿ ಒಂದೇ ಸಲಕ್ಕೆ ಹೋಗುತ್ತದೆ. ಹಿಸ್ಟಾಲಜಿ (ಅಂಗಾಂಶಗಳ) ಸ್ಲೈಡು, ಎಕ್ಸ್-ರೇ, ಇ.ಸಿ.ಜಿ. ಕೂಡ ಹಾಗೇ. ಸ್ಕ್ರೀನಿನ ಮೇಲೆ ನೂರು ಇ.ಸಿ.ಜಿ. ನೋಡಬಹುದು. ವಾರ್ಡಿನಲ್ಲಿ ಅಷ್ಟು ನೋಡೋಕೆ ತಿಂಗಳುಗಟ್ಟಲೆ ಬೇಕು. ಹೃದಯದ ಮರ್ಮರ್‌ಗಳನ್ನು, ಅಂದರೆ ಬಡಿತದ ನಡುವೆ ಕೇಳಿಸುವ ಹೆಚ್ಚುವರಿ ಸದ್ದುಗಳನ್ನು, ಮೊದಲು ಹೆಡ್‌ಫೋನ್ ಹಾಕಿಕೊಂಡು ಹತ್ತು ಸಲ ಕೇಳಿ, ಆಮೇಲೆ ವಾರ್ಡಿಗೆ ಹೋಗಿ. ಕಿವಿ ತಯಾರಾಗಿರುತ್ತದೆ.

ಫಾರ್ಮಕಾಲಜಿಗೂ ನಾನು ವಿಡಿಯೋ ಕಡೆಗೇ ಕೈ ಎತ್ತುತ್ತೇನೆ. ಒಂದೇ ಗುಂಪಿನ ಔಷಧಗಳನ್ನು ಮತ್ತೆ ಮತ್ತೆ ನೋಡಲೇಬೇಕಾದ ವಿಷಯ ಅದು. ಬರೀ ವಿಷಯ ಜ್ಞಾನದ ಪರೀಕ್ಷೆಯಲ್ಲಿ ಆನ್‌ಲೈನ್‌ನಲ್ಲಿ ಕಲಿತವರು ಕ್ಲಾಸಿನಲ್ಲಿ ಕಲಿತವರಿಗಿಂತ ಹಿಂದೆ ಬಿದ್ದಿಲ್ಲ ಅಂತ ಬೇರೆ ಬೇರೆ ದೇಶದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರೂ ಹೇಳಿದ್ದಾರೆ.

ಈಗ ಇನ್ನೊಂದು ಮಗ್ಗುಲು. ವಿಡಿಯೋ ನೋಡುವಾಗ ಎಲ್ಲ ಗೊತ್ತಾಯಿತು ಅನಿಸುತ್ತದೆ. ಈ ಅನಿಸಿಕೆ ನಂಬಬೇಡಿ. ಮುಗಿದ ತಕ್ಷಣ ಮೊಬೈಲ್ ಬೋರಲು ಹಾಕಿ, ಖಾಲಿ ಹಾಳೆ ತಗೊಂಡು ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಬರೆಯಿರಿ. ಬಂದರೆ ಬಂತು. ಬರದಿದ್ದರೆ ನೀವು ನೋಡಿದ್ದೀರಿ, ಕಲಿತಿಲ್ಲ. ಇನ್ನೊಂದು, ಬಾಕಿ. ಕ್ಲಾಸು ತಪ್ಪಿದರೆ ಒಂದು ಪಾಠ ಹೋಯಿತು. ವಿಡಿಯೋ "ನಾಳೆ ನೋಡಿದರಾಯಿತು" ಅಂತ ಬಿಟ್ಟರೆ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಹೊತ್ತಿಗೆ ಅರವತ್ತು ಗಂಟೆ ಗುಡ್ಡೆ ಬಿದ್ದಿರುತ್ತದೆ. ನನಗೆ ಪೆಥಾಲಜಿಯಲ್ಲಿ (ರೋಗಶಾಸ್ತ್ರ) ಹಾಗೇ ಆಯಿತು. ಆ ವಾರ ನಿದ್ದೆಯಿಲ್ಲದೆ ಓದಿದ್ದು ಮುಂದಿನ ವಾರಕ್ಕೆ ನೆನಪಿರಲಿಲ್ಲ.

ಎದುರಿಗೆ ಕೂತು ಕೇಳುವ ಲೆಕ್ಚರ್

ನೂರೈವತ್ತು, ಇನ್ನೂರು ಜನ ಕೂತ ಹಾಲ್. ಹಿಂದಿನ ಬೆಂಚಿಗೆ ಮೈಕ್ ಇದ್ದರೂ ಅರ್ಧ ಕೇಳಿಸಲ್ಲ. ಓದಿ ಹೇಳುವ ಸ್ಲೈಡು ಬಂದರೆ ಯಾರಿಗಾದರೂ ನಿದ್ದೆ ಬರುತ್ತದೆ. ಅಂಥ ಲೆಕ್ಚರ್‌ಗಿಂತ ಒಳ್ಳೆಯ ವಿಡಿಯೋ ಮೇಲು. ಒಪ್ಪಿಕೊಳ್ಳೋಣ.

ಆದರೆ ಚೆನ್ನಾಗಿ ಪಾಠ ಮಾಡುವವರು ನಮ್ಮ ಮುಖ ನೋಡಿ ಪಾಠ ಮಾಡುತ್ತಾರೆ. ಆಸಿಡ್-ಬೇಸ್ ಬ್ಯಾಲೆನ್ಸ್ (ರಕ್ತದಲ್ಲಿ ಆಮ್ಲ-ಕ್ಷಾರದ ಸಮತೋಲ) ಹೇಳುವಾಗ ನಮ್ಮ ಫಿಸಿಯಾಲಜಿ ಸರ್ ಅರ್ಧಕ್ಕೆ ನಿಲ್ಲಿಸಿ, "ಯಾರಿಗೂ ಅರ್ಥ ಆಗಿಲ್ಲ, ಗೊತ್ತಾಗ್ತಿದೆ" ಅಂತ ಮೊದಲಿನಿಂದ ಶುರು ಮಾಡಿದ್ದರು. ವಿಡಿಯೋಗೆ ಆ ಕಣ್ಣಿಲ್ಲ. ಡೌಟ್ ಇದ್ದರೆ ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳಬಹುದು, ಒಂದು ನಿಮಿಷದ ಕೆಲಸ. ಇನ್ನೊಂದು ಲಾಭ ಇದೆ. ಇಂಟರ್ನಲ್ಸ್‌ನ ವೈವಾದಲ್ಲಿ (ಮೌಖಿಕ ಪರೀಕ್ಷೆ) ಎದುರು ಕೂರುವವರು ಇದೇ ಅಧ್ಯಾಪಕರು. ಯಾವುದಕ್ಕೆ ಒತ್ತು ಕೊಡುತ್ತಾರೆ, ಉತ್ತರ ಯಾವ ಕ್ರಮದಲ್ಲಿ ಬೇಕು ಅನ್ನೋದು ಕ್ಲಾಸಿನಲ್ಲೇ ಗೊತ್ತಾಗುತ್ತದೆ.

ಮನಸ್ಸಿನ ವಿಷಯವನ್ನೂ ಹೇಳಬೇಕು. ಲಾಕ್‌ಡೌನ್‌ನಲ್ಲಿ ನನ್ನ ಗೆಳತಿಯೊಬ್ಬಳು ಓದಿನಿಂದ ಪೂರ್ತಿ ದೂರ ಆಗಿಬಿಟ್ಟಿದ್ದಳು. ಫೋನ್ ಎತ್ತುತ್ತಿರಲಿಲ್ಲ. ಕಾಲೇಜಿಗೆ ಬಂದು, ಸಂಜೆ ನಾಲ್ಕು ಜನ ಸೇರಿ ಗಿರ್ಮಿಟ್ಟು ಮಿರ್ಚಿ ತಿಂದು, ಲೈಬ್ರರಿಯಲ್ಲಿ ಒಟ್ಟಿಗೆ ಕೂರೋಕೆ ಶುರು ಮಾಡಿದ ಮೇಲೆ ಸರಿಹೋದಳು. ಒಂಟಿಯಾಗಿ ಕುಗ್ಗುವ ಸ್ವಭಾವ ಇದ್ದವರು ಬೇರೆ ಯಾವ ಲೆಕ್ಕವನ್ನೂ ನೋಡದೆ ಕ್ಲಾಸನ್ನೇ ಆರಿಸಿಕೊಳ್ಳಿ.

ಲೈವ್ ಆನ್‌ಲೈನ್ ಕ್ಲಾಸ್

ಇದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ನಿಲ್ಲಿಸೋಕಾಗಲ್ಲ, ಹಿಂದಕ್ಕೆ ಹೋಗೋಕಾಗಲ್ಲ, ಎದುರಿಗೆ ಕೂತ ಹಾಗೂ ಇಲ್ಲ. ದೂರದ ಊರಿನ ತಜ್ಞರು ಒಂದು ಗಂಟೆ ಮಾತಾಡುವುದಿದ್ದರೆ ಸರಿ. ದಿನನಿತ್ಯದ ಪಾಠಕ್ಕೆ ಬೇಡ.

ಆಯ್ಕೆಗೆ ಇಡಬಾರದ್ದು

ಡಿಸೆಕ್ಷನ್ ಹಾಲ್‌ಗೆ ಮೊದಲ ದಿನ ಹೋದಾಗ ಶವ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ. ತ್ರೀ-ಡಿ ಆ್ಯಪ್‌ನಲ್ಲಿ ಆ ಕಷ್ಟ ಇಲ್ಲ. ಅದರಲ್ಲಿ ನರ ಹಳದಿ, ಅಪಧಮನಿ ಕೆಂಪು, ಎಲ್ಲ ನೀಟಾಗಿ ಇರುತ್ತದೆ. ನಿಜವಾದ ದೇಹದಲ್ಲಿ ಎಲ್ಲ ಒಂದೇ ಬಣ್ಣ. ಎಳೆದು ನೋಡಿ, ಹಿಂದೆ ಮುಂದೆ ಹುಡುಕಿ ಕಂಡುಕೊಳ್ಳಬೇಕು. ಒಬ್ಬರ ನರ ಇದ್ದ ಜಾಗದಲ್ಲೇ ಇನ್ನೊಬ್ಬರದು ಇರಲ್ಲ. ಮುಂದೆ ಆಪರೇಷನ್ ಟೇಬಲ್ ಮೇಲೆ ಕಾಣೋದೂ ಹೀಗೇ.

ದಾವಣಗೆರೆಯಲ್ಲಿ ಓದುವ ಯಾರಿಗೂ ಮರೆಯದ ವಿಷಯ ಇನ್ನೊಂದು. 2022ರ ಮಾರ್ಚ್ 1ರಂದು ಯುಕ್ರೇನ್‌ನ ಖಾರ್ಕಿವ್‌ನಲ್ಲಿ ನಡೆದ ಶೆಲ್ ದಾಳಿಯಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡ. ಮಗನ ದೇಹ ಊರಿಗೆ ಬಂದಾಗ ಅವನ ತಂದೆ ತಾಯಿ ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಡಾಕ್ಟರ್ ಆಗಬೇಕು ಅಂತ ಹೋದ ಹುಡುಗ, ಡಾಕ್ಟರ್ ಆಗುವವರ ಓದಿಗೆ ಆಗಲಿ ಅಂತ. ಡಿಸೆಕ್ಷನ್ ಕ್ಲಾಸಿಗೆ ಚಕ್ಕರ್ ಹೊಡೆಯಬೇಕು ಅನಿಸಿದಾಗ ಇದನ್ನು ಒಂದು ಸಲ ನೆನಪಿಸಿಕೊಳ್ಳಿ ಅಂತ ಕೈ ಮುಗಿದು ಕೇಳುತ್ತೇನೆ.

ವಾರ್ಡಿನ ಮಾತು ಇನ್ನೂ ದೊಡ್ಡದು. ಬೆರಳು ಇಟ್ಟು ತಟ್ಟಿ ಶ್ವಾಸಕೋಶದ ಸುತ್ತ ನೀರು ತುಂಬಿದೆಯಾ ಅಂತ ತಿಳಿಯುವುದು ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ. ನೂರು ಕಾಯಿ ತಟ್ಟಿದವರಿಗೆ ಮಾತ್ರ ಗೊತ್ತಾಗುತ್ತದೆ. ಲಿವರ್ ಅಂಚು ಬೆರಳಿಗೆ ಸಿಗಬೇಕಾದರೆ ರೋಗಿ ಉಸಿರು ಎಳೆದುಕೊಳ್ಳುವಾಗ ಕೈ ಎಷ್ಟು ಒತ್ತಬೇಕು ಅನ್ನೋದು ಹೇಳಿ ಬರುವಂಥದ್ದಲ್ಲ.

ಜೊತೆಗೆ ಭಾಷೆ. ಆ್ಯಪ್‌ಗಳೆಲ್ಲ ಇಂಗ್ಲಿಷು, ನಡುವೆ ಸ್ವಲ್ಪ ಹಿಂದಿ. ದಾವಣಗೆರೆಯ ಜಿಲ್ಲಾಸ್ಪತ್ರೆಯಾದ ಚಿಗಟೇರಿ ಆಸ್ಪತ್ರೆಯ ಓ.ಪಿ.ಡಿ.ಗೆ (ಹೊರರೋಗಿ ವಿಭಾಗ) ಬರುವವರು ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯವರು. ಥರ್ಡ್ ಇಯರ್‌ನಲ್ಲಿ ನನ್ನ ಪಾಲಿಗೆ ಬಂದ ಕೇಸ್ ಒಬ್ಬ ಅಜ್ಜಿ. "ಸಂಕಟ ಆಗ್ತತವ್ವಾ" ಅಂದಳು. ನಾನು ವಾಕರಿಕೆ ಅಂತ ಬರೆದುಕೊಂಡೆ. ಪಿ.ಜಿ. (ಸ್ನಾತಕೋತ್ತರ) ಓದುತ್ತಿದ್ದ ಮೇಡಂ ಬಂದು ಮಂಚದ ಅಂಚಿಗೆ ಕೂತರು. "ಯಾವಾಗ ಆಗ್ತತಿ ಅಜ್ಜಿ? ಉಂಡ ಮ್ಯಾಲಾ?" ಅಂತ ಕೇಳಿದರು. "ಇಲ್ಲವ್ವಾ, ಹೊಲಕ್ಕ ನಡದಾಗ. ಬದುವಿನ ಮ್ಯಾಲೆ ಕುಂತ್ರ ಹೋಗತತಿ" ಅಂತ ಅಜ್ಜಿ ಎದೆ ಮೇಲೆ ಮುಷ್ಟಿ ಇಟ್ಟಳು. ನಡೆದರೆ ಬರುವ, ಕೂತರೆ ಹೋಗುವ ಎದೆ ಸಂಕಟ. ಅದು ಆಂಜೈನಾ. ಹೃದಯಕ್ಕೆ ರಕ್ತ ಸಾಲುತ್ತಿರಲಿಲ್ಲ. ಆಂಜೈನಾ ಬಗ್ಗೆ ನಾನು ಎರಡು ಗಂಟೆಯ ವಿಡಿಯೋ ನೋಡಿ ಹೋಗಿದ್ದೆ. ಅಜ್ಜಿಯ ಮಾತಿನೊಳಗೆ ಅದು ಇದ್ದಾಗ ನನಗೆ ಗುರುತು ಸಿಗಲಿಲ್ಲ. ನಾನು ಇದೇ ಸೀಮೆಯವಳಾಗಿ ನನಗೇ ಹೀಗಾದರೆ, ಬೇರೆ ರಾಜ್ಯದಿಂದ ಬಂದವರು ವಾರ್ಡಿನಲ್ಲಿ ಇನ್ನೂ ಎಷ್ಟು ಹೊತ್ತು ಕಳೆಯಬೇಕು ಯೋಚಿಸಿ. ದಮ್ಮು, ಜೋಮು, ಲಕ್ವ, ಕಾಮಾಲೆ: ಈ ಪಾಠ ರೋಗಿಯ ಹತ್ತಿರವೇ ಇದೆ.

ದುಡ್ಡಿನ ಲೆಕ್ಕ

ದೊಡ್ಡ ಆ್ಯಪ್‌ಗಳ ಪೂರ್ತಿ ಪ್ಲಾನ್‌ಗೆ ಹತ್ತಾರು ಸಾವಿರ ಆಗುತ್ತದೆ. ಅವು ಮುಖ್ಯವಾಗಿ ನೀಟ್ ಪಿ.ಜಿ. (ಎಂ.ಬಿ.ಬಿ.ಎಸ್. ಆದ ಮೇಲೆ ಸ್ನಾತಕೋತ್ತರ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ) ಕಡೆ ಕಣ್ಣಿಟ್ಟು ಮಾಡಿದವು. ಅಲ್ಲಿ ಸರಿಯುತ್ತರ ಆರಿಸುವ 200 ಪ್ರಶ್ನೆ (ಎಂ.ಸಿ.ಕ್ಯೂ.), 800 ಅಂಕ. ಯೂನಿವರ್ಸಿಟಿ ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆಯಬೇಕು, ವೈವಾ ಕೊಡಬೇಕು. ಫಸ್ಟ್ ಇಯರ್‌ನಲ್ಲಿ ಐದು ವರ್ಷದ ಪ್ಲಾನ್ ತಗೊಂಡು, ಎರಡು ವರ್ಷ ತೆಗೆದೇ ನೋಡದವರನ್ನು ನಾನು ಕಂಡಿದ್ದೇನೆ. ಅದು ತುಂಬಾ ಬೇಜಾರಿನ ವಿಷಯ, ಯಾಕೆಂದರೆ ಆ ದುಡ್ಡು ಅಪ್ಪ ಅಮ್ಮನದು.

ಡೇಟಾ ಖರ್ಚೂ ಇದೆ. ಒಳ್ಳೆಯ ಗುಣಮಟ್ಟದಲ್ಲಿ ಒಂದು ಗಂಟೆ ವಿಡಿಯೋ ನೋಡಿದರೆ ಸುಮಾರು 1 ಜಿ.ಬಿ. ಹೋಗುತ್ತದೆ. ದಿನಕ್ಕೆ ಒಂದೂವರೆ ಜಿ.ಬಿ. ಪ್ಯಾಕ್ ಇದ್ದವರಿಗೆ ಒಂದೂವರೆ ಪಾಠಕ್ಕೆ ಮುಗಿಯಿತು. ಗುಣಮಟ್ಟ ಇಳಿಸಿ ನೋಡಿ, ಇಲ್ಲವಾದರೆ ಹಾಸ್ಟೆಲ್ ವೈ-ಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ದುಡ್ಡು ಬಿಗಿ ಇದ್ದರೆ ಕ್ಲಾಸ್, ಲೈಬ್ರರಿ ಪುಸ್ತಕ, ಕಷ್ಟದ ಪಾಠಕ್ಕೆ ಮಾತ್ರ ಯೂಟ್ಯೂಬ್. ಇಷ್ಟರಲ್ಲೇ ಎಂ.ಬಿ.ಬಿ.ಎಸ್. ಚೆನ್ನಾಗಿ ಮುಗಿಯುತ್ತದೆ, ನಾನೇ ಥರ್ಡ್ ಇಯರ್‌ವರೆಗೆ ಹೀಗೇ ಓದಿದ್ದು. ಯೂಟ್ಯೂಬ್‌ನಲ್ಲಿ ಹುಡುಕುವಾಗ ಮೊದಲು ಪಾಠ ಮಾಡುವವರು ಯಾರು ಅಂತ ನೋಡಿ. ಆಮೇಲೆ ಪುಸ್ತಕದ ಒಂದು ಪುಟದ ಜೊತೆ ತಾಳೆ ಹಾಕಿ. ಸ್ವಲ್ಪ ಅನುಕೂಲ ಇದ್ದರೆ ಫೈನಲ್ ಇಯರ್ ಹತ್ತಿರ ಬಂದಾಗ ಆ್ಯಪ್ ತಗೊಳ್ಳಿ. ಆಗ ಅದರ ಪ್ರಶ್ನೆಗಳ ಬ್ಯಾಂಕ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ನನ್ನ ಪ್ರಕಾರ ಆ್ಯಪಿನಲ್ಲಿ ಕೊಟ್ಟ ದುಡ್ಡಿಗೆ ಬೆಲೆ ಇರೋದು ವಿಡಿಯೋಗಿಂತ ಆ ಪ್ರಶ್ನೆಗಳಲ್ಲೇ.

ಆ ಮೂವರಿಗೆ

ಹರಿಹರದ ತಂಗಿಗೆ: ಫಸ್ಟ್ ಇಯರ್‌ನಲ್ಲಿ ಬಾ. ಎಂಟರ ಲೆಕ್ಚರ್ ಆದ ಮೇಲೆ ಡಿಸೆಕ್ಷನ್ ಇರುತ್ತದೆ, ಹೇಗೂ ಬರಲೇಬೇಕು. ಬಸ್ಸಿನಲ್ಲಿ ಬರುವಾಗ ಅವತ್ತಿನ ಎಂಬ್ರಿಯಾಲಜಿ ವಿಡಿಯೋ ಹತ್ತು ನಿಮಿಷ ನೋಡು, ಲೆಕ್ಚರ್ ಹಗುರ ಆಗುತ್ತದೆ. ಓಡಾಟದಿಂದ ಮೈ ಸೋತು ಸಂಜೆ ಓದೋಕೇ ಆಗದಿದ್ದರೆ ಲೆಕ್ಚರ್ ಬಿಡೋದಕ್ಕಿಂತ ಮುಂಚೆ ಹಾಸ್ಟೆಲ್ ಬಗ್ಗೆ ಮನೆಯಲ್ಲಿ ಕೂತು ಮಾತಾಡು.

ಹಾಸ್ಟೆಲ್ ತಮ್ಮನಿಗೆ: ನಿನಗೆ ವಿಡಿಯೋ ಹಿಡಿಸಿದೆ, ಬಿಡಬೇಡ. ರಾತ್ರಿ ಹನ್ನೊಂದಕ್ಕೆ ಮುಚ್ಚು. ಫಾರ್ಮಕಾಲಜಿ ವಿಡಿಯೋದಲ್ಲಿ, ಪೆಥಾಲಜಿ ಕ್ಲಾಸಿನಲ್ಲಿ ಅಂತ ಒಂದು ತಿಂಗಳು ಮಾಡಿ ನೋಡು. ಕ್ಲಾಸಲ್ಲಿ ಕೂತೂ ತೂಕಡಿಸಿದರೆ ಹಾಜರಿ ಸಿಗುತ್ತದೆ, ಪಾಠ ಸಿಗಲ್ಲ. ಮತ್ತೆ ಮಧ್ಯಾಹ್ನದ ಪೋಸ್ಟಿಂಗ್ ಇಲ್ಲದ ದಿನ ಸುಮ್ನೆ ವಾರ್ಡಿಗೆ ಹೋಗು. ಯಾರೂ ಬೇಡ ಅನ್ನಲ್ಲ. ಒಬ್ಬ ರೋಗಿಯ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿಸು.

ಚನ್ನಗಿರಿ ಅಮ್ಮನಿಗೆ: ಕಾಲೇಜಿನಲ್ಲಿ ಪಾಠ ಮಾಡ್ತಾರಮ್ಮ. ಮಗ ಕೇಳಿದ್ದೂ ತಪ್ಪಲ್ಲ, ಈಗ ಎಲ್ಲರ ಕೈಯಲ್ಲೂ ಅದೇ ಇದೆ. ಪೂರ್ತಿ ವರ್ಷದ್ದಕ್ಕೆ ಈಗಲೇ ದುಡ್ಡು ಕಟ್ಟಬೇಡಿ. ಆ್ಯಪ್‌ಗಳಲ್ಲಿ ಬಿಟ್ಟಿಯಾಗಿ ನೋಡೋಕೆ ಕೆಲವು ಪಾಠ ಇಟ್ಟಿರುತ್ತಾರೆ. ಎರಡು ತಿಂಗಳು ಅದನ್ನೇ ನೋಡಲಿ. ಭಾನುವಾರ ಊರಿಗೆ ಬಂದಾಗ ಏನು ನೋಡಿದೆ ಅಂತ ಕೇಳಿ, ಕನ್ನಡದಲ್ಲೇ ಹೇಳೋಕೆ ಹೇಳಿ. ನಿಮಗೆ ಅರ್ಥ ಆಗೋ ಹಾಗೆ ಹೇಳಿದರೆ ಕೊಡಿಸಿ.